ಹೊರೆಕಾಣಿಕೆಗೆ ಹೋದ ಸೊಪ್ಪು

ಲಾಯಿಲ, ಬೆಳ್ತಂಗಡಿ
ಮಾರ್ಚ್ 24

ಸಾತ್ವಿಕಾ,

ನಿನ್ನ ಬಟ್ಟೆಯ ಚೀಲವನ್ನು ಕಂಡಕ್ಟರ್ ಜಯಪ್ರಕಾಶನ ಕೈಯಲ್ಲಿ ಕಳಿಸುತ್ತಿದ್ದೇನೆ. ವೇಣೂರಿನ ಮೇಲೆ ಬರುವ ಬಸ್ಸು. ಮೂಡುಬಿದಿರೆ ಸ್ಟ್ಯಾಂಡಿಗೆ ಬಂದು ಇಳಿಸಿಕೊಳ್ಳುತ್ತೇನೆಂದು ನಿನ್ನ ಗೆಳತಿ ರಶೀನಾ ಹೇಳಿದ್ದಾಳೆ. ನೀನು ಫೋನ್ ಎತ್ತುವುದಿಲ್ಲ. ಮೆಸೇಜ್ ಹಾಕಿದರೆ ಎರಡು ನೀಲಿ ಗೆರೆ ಬರುತ್ತವೆ, ಉತ್ತರ ಬರುವುದಿಲ್ಲ. ಹಾಗಾಗಿ ಈ ಕಾಗದವನ್ನು ಬಟ್ಟೆಯ ಮೇಲೆಯೇ ಇಟ್ಟಿದ್ದೇನೆ. ಬಟ್ಟೆ ತೆಗೆಯಬೇಕಾದರೆ ಇದನ್ನು ಮುಟ್ಟಲೇಬೇಕಲ್ಲ.

ಇನ್ನು ಮನೆಗೆ ಬರುವುದಿಲ್ಲವೆಂದು ನೀನು ರಶೀನಾಳ ಬಾಯಲ್ಲಿ ಹೇಳಿಸಿದ್ದಿ. ನಾನು ಅವಳಿಗೆ ‘ಆಯ್ತಮ್ಮ’ ಎಂದೆ, ಬೇರೆ ಯಾರದೋ ಮನೆಯ ಸುದ್ದಿ ಕೇಳಿದವಳ ಹಾಗೆ. ಫೋನ್ ಇಟ್ಟ ಮೇಲೆ ಅಡುಗೆಮನೆಯಲ್ಲಿ ಇಬ್ಬರಿಗೆ ಅಕ್ಕಿ ಅಳೆದೆ.

ಕ್ಷಮೆ ಕೇಳಿ ಒಂದು ಕಾಗದ ಬರೆದಿದ್ದೆ. ಓದಿ ನೋಡಿದರೆ ಅದು ನನ್ನ ಸ್ವಾಗತ ಭಾಷಣಗಳ ಹಾಗೆಯೇ ಇತ್ತು. ಒಲೆಗೆ ಹಾಕಿದೆ. ಇಲ್ಲಿ ನೀನು ಮನೆಯಲ್ಲಿ ಇಲ್ಲದಾಗ ನಡೆದದ್ದನ್ನು ಮಾತ್ರ ಬರೆಯುತ್ತೇನೆ.

ಬ್ರಹ್ಮಕಲಶದ ಹೊರೆಕಾಣಿಕೆಯ ದಿನ ಮೈಕಿನಲ್ಲಿ ಹೇಳುವ ಕೆಲಸ ನನ್ನದೆಂದು ನಿನಗೆ ಗೊತ್ತು. ಊರಿನ ಯಾವ ಮನೆಯಿಂದ ದೇವಸ್ಥಾನದ ಅಡುಗೆಗೆ ಏನು ಬಂತು ಎಂದು, ಮೆರವಣಿಗೆಯ ವಾಹನ ಒಂದೊಂದೇ ಒಳಗೆ ಬರುವಾಗ, ಚಂದದ ಕನ್ನಡದಲ್ಲಿ ಹೇಳಬೇಕು. ಬೆಳಿಗ್ಗೆ ನೋಡಿದರೆ ಬೇಲಿಯಾಚೆ ಅಮ್ಮಣಿಯಕ್ಕನ ಅಂಗಳದಲ್ಲಿ ಒಂದು ಪಿಕಪ್ ತುಂಬ ಸೌತೆ, ಸಿಹಿಗುಂಬಳ, ಮೇಲೆ ಬಾಳೆಗೊನೆ. ನಮ್ಮದು ಒಂದು ಗೋಣಿ ತೆಂಗಿನಕಾಯಿ. ಅದನ್ನು ನನ್ನ ಬಾಯಿಂದಲೇ ಮೈಕಿನಲ್ಲಿ ಹೇಳಬೇಕಲ್ಲ ಎಂದು ಯೋಚಿಸುತ್ತಾ ಹಿತ್ತಲಿಗೆ ಹೋದೆ. ನಿನ್ನ ಲೆಟ್ಯೂಸ್ ಹಸಿರು ನೆಟ್ಟಿನ ಕೆಳಗೆ ಎದ್ದು ನಿಂತಿತ್ತು. ಇಷ್ಟು ಎತ್ತರಕ್ಕೆ ಯಾವಾಗ ಬಂತು ಎಂದು ಆಶ್ಚರ್ಯವಾಯಿತು. ನೀನು ಮೊದಲ ಬುಟ್ಟಿಯನ್ನು ರಶೀನಾಳ ಅಣ್ಣ ಉನೈಸ್ ಅವರ ಬರ್ಗರ್ ಅಂಗಡಿಗೆ ತೋರಿಸಲು ಹೋಗಿದ್ದಿ. ಎರಡು ಸಾಲು ಮಾತ್ರ ಎಂದುಕೊಂಡು ಕತ್ತಿ ಹಿಡಿದೆ. ಎರಡು ಸಾಲಿಗೆ ನಾನು ಬಾಡಿಗೆಗೆ ಕರೆಸಿದ ಪಿಕಪ್ಪಿನ ತಳವೂ ಮುಚ್ಚಲಿಲ್ಲ. ಆಮೇಲೆ ನಿಲ್ಲಿಸಲಿಲ್ಲ. ನೆತ್ತಿ ಸುಡುವ ಮಧ್ಯಾಹ್ನ. ಕೈಯೆಲ್ಲ ಅಂಟಂಟಾಗಿ, ಹಲಸು ಕೊಯ್ದ ಹಾಗೆ, ತೆಂಗಿನೆಣ್ಣೆ ಹಚ್ಚಿ ತೊಳೆದುಕೊಂಡು ರೇಷ್ಮೆ ಸೀರೆ ಉಟ್ಟೆ.

‘ಲಾಯಿಲದ ಜಲಜಾಕ್ಷಿ ಸುಧಾಕರ ಮತ್ತು ಮನೆಯವರಿಂದ, ದೂರದೇಶದ ವಿಶೇಷ ಹಸಿರು’ ಎಂದು ಹೇಳಿದೆ. ಎರಡು ಸಲ ಹೇಳಿದೆ.

ಬಾವಿಯ ಹಿಂದಿನ ಒಂದು ಗಿಡ್ಡ ಸಾಲು ನನ್ನ ಕಣ್ಣಿಗೆ ಬೀಳದೆ ಉಳಿದಿದೆ. ಅದಕ್ಕೆ ಏನು ಮಾಡಬೇಕು, ಹೇಳು. ಅಷ್ಟಾದರೂ ಬರೆ.

ಅಮ್ಮ


ಮೂಡುಬಿದಿರೆ
ಮಾರ್ಚ್ 28

ಅಮ್ಮ,

ಬಟ್ಟೆ ಸಿಕ್ಕಿತು. ನಾನು ಇಲ್ಲಿ ಒಂದು ಗಿಡದ ನರ್ಸರಿಯಲ್ಲಿ ಕೆಲಸಕ್ಕೆ ಸೇರಿದ್ದೇನೆ. ರಶೀನಾಳ ಮನೆಯ ಮಹಡಿಯಲ್ಲಿ ಇದ್ದೇನೆ. ಪಪ್ಪನಿಗೆ ಮಸ್ಕತ್‌ಗೆ ಫೋನ್ ಮಾಡಿ ಹೇಳಿದ್ದೇನೆ. ನೀವು ಚಿಂತೆ ಮಾಡಬೇಕಾಗಿಲ್ಲ.

ನೀವು ಕೊಯ್ದದ್ದಕ್ಕೆ ನಾನು ಮನೆ ಬಿಟ್ಟದ್ದಲ್ಲ. ಅಷ್ಟು ಗೊತ್ತಿರಲಿ.

ನೀವು ನಿಮ್ಮ ಪಾಲಿನದ್ದು ಬರೆದಿದ್ದೀರಿ. ನನ್ನ ಪಾಲಿನದ್ದು ಇದು. ಮರುದಿನ ನಾನು ಮೂಡುಬಿದಿರೆಯಿಂದ ನೇರ ದೇವಸ್ಥಾನಕ್ಕೆ ಬಂದೆ. ಬಡಿಸುವವರು ಕಡಿಮೆ ಇದ್ದರು, ನನ್ನ ಕೈಗೆ ಪಲ್ಯದ ಬಕೆಟ್ ಕೊಟ್ಟರು. ಅಡುಗೆಯ ಸುಬ್ಬಪ್ಪಣ್ಣ ಎಂದಿನ ಹರಿವೆ ಎಂದುಕೊಂಡು ಎಲ್ಲವನ್ನೂ ಒಟ್ಟಿಗೆ ಕೊಚ್ಚಿ, ಕಾಯಿತುರಿ ಹಾಕಿ ಬೇಯಿಸಿದ್ದರು. ನೈವೇದ್ಯಕ್ಕೆ ಮೊದಲು ಅಡುಗೆಯವರು ರುಚಿ ನೋಡುವ ಕ್ರಮ ಇಲ್ಲವಲ್ಲ. ಹಾಗಾಗಿ ಮೊದಲು ರುಚಿ ನೋಡಿದ್ದು ಎಲೆಯ ಮುಂದೆ ಕೂತವರು. ಪ್ರಸಾದ ಬಿಡುವ ಹಾಗಿಲ್ಲ. ಒಬ್ಬ ಅಜ್ಜ ಕಣ್ಣು ಮುಚ್ಚಿ ಅಗಿದು ನುಂಗಿ, ಕೂಡಲೇ ನೀರು ಕುಡಿದರು. ಪಕ್ಕದವರು, ‘ಈ ವರ್ಷ ಆಟಿ ಅಮಾವಾಸ್ಯೆ ಬೇಗ ಬಂತಾ ಮಾರಾಯ್ರೆ? ಹಾಳೆಮರದ ಕಹಿ ಕಷಾಯ ಕುಡಿದ ಹಾಗಾಯ್ತು’ ಎಂದರು. ಸಾಲಿಗೆ ಸಾಲೇ ನಕ್ಕಿತು. ಮನೆಯ ಪಾತಿ ಖಾಲಿಯಾದದ್ದು ಆಗ ನನಗೆ ಗೊತ್ತಿರಲಿಲ್ಲ. ನಾನೂ ನಕ್ಕೆ.

ಆಗ ಅಮ್ಮಣಿಯಕ್ಕ ನಿಮ್ಮಲ್ಲಿ ಕೇಳಿದರು, ‘ಜಲಜಕ್ಕ, ನಿಮ್ಮ ಮನೆಯ ಸೊಪ್ಪಲ್ಲವಾ ಇದು? ಎಂತ ಸೊಪ್ಪು?’

ನೀವು ನನ್ನ ಕಡೆ ಕೈ ತೋರಿಸಿದಿರಿ. ‘ನನಗೆ ಗೊತ್ತಿಲ್ಲಪ್ಪ. ಇವಳ ಹುಚ್ಚು. ಬೇಡ ಬೇಡ ಅಂದ್ರೂ ಇವಳೇ ತಂದು ಹಾಕಿದ್ದು.’

ಇನ್ನೂ ಅರ್ಧ ಪಂಕ್ತಿ ಬಾಕಿ ಇತ್ತು. ಅಷ್ಟಕ್ಕೂ ಬಡಿಸಿ, ಬಕೆಟ್ ತೊಳೆದಿಟ್ಟು ಬಂದೆ.

ಉಳಿದ ಸಾಲಿಗೆ ಬೆಳಿಗ್ಗೆ ನೀರು ಹಾಕಿ. ಸಾಕು.

ಸಾತ್ವಿಕಾ


ಲಾಯಿಲ
ಎಪ್ರಿಲ್ 2

ಸಾತ್ವಿಕಾ,

ನಿನ್ನ ಕಾಗದವನ್ನು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಓದಿದೆ. ನೀನು ಬರೆದದ್ದರಲ್ಲಿ ಒಂದಕ್ಷರ ಹೆಚ್ಚಿಲ್ಲ. ತುಳುವಿನಲ್ಲಿ ನನ್ನನ್ನು ‘ಈ’ ಎಂದು ಏಕವಚನದಲ್ಲಿ ಕರೆದು ಜಗಳ ಮಾಡುವವಳು ಕನ್ನಡದಲ್ಲಿ ‘ನೀವು’ ಎಂದು ಬರೆದಿದ್ದಿ. ಅಂಗಡಿಯವರು ಬಾಕಿ ಗಿರಾಕಿಗೆ ಬಹುವಚನ ಹಾಕುವ ಹಾಗೆ. ಇರಲಿ.

ಅಮ್ಮಣಿಯಕ್ಕ ಬೇಲಿಯಾಚೆಯಿಂದ ದಿನಾ ಒಂದು ಮಾತು ಹೇಳದೆ ಬಿಡುವುದಿಲ್ಲ. ನಿನ್ನೆ ಹಾಗಲಕಾಯಿ ಕೊಡಲು ಬಂದವರು, ‘ಇದು ಸ್ವಲ್ಪ ಕಹಿ ಉಂಟು ಜಲಜಕ್ಕ, ಆದರೂ ನಿಮಗೆ ಅಭ್ಯಾಸ ಉಂಟಲ್ಲ’ ಎಂದರು. ನಾನು ನಕ್ಕೆ. ‘ಮಗಳು ಎಲ್ಲಿ, ಕಾಣ್ತಾ ಇಲ್ಲ?’ ಎಂದರು. ‘ಮೂಡುಬಿದಿರೆಯಲ್ಲಿ ಕೆಲಸ ಸಿಕ್ಕಿತು’ ಎಂದೆ. ಇದು ನಿಜವೇ ಆದರೂ ಸುಳ್ಳು ಹೇಳಿದವಳ ಹಾಗೆ ಬೆವರಿದೆ. ಊರಿನಲ್ಲಿ ಪಲ್ಯಕ್ಕೆ ಈಗಲೂ ನಿನ್ನದೇ ಹೆಸರು. ಅದನ್ನು ತಿದ್ದುವ ಅವಕಾಶ ದಿನಕ್ಕೆ ಹತ್ತು ಸಲ ಬೇಲಿಯ ಹತ್ತಿರ ಬರುತ್ತದೆ. ನಾನು ಹಾಗಲಕಾಯಿ ತೆಗೆದುಕೊಂಡು ಒಳಗೆ ಬರುತ್ತೇನೆ.

ಉಳಿದ ಸಾಲಿಗೆ ಬೆಳಿಗ್ಗೆ ಕಾಲೇಜಿಗೆ ಪಾಠಕ್ಕೆ ಹೋಗುವ ಮೊದಲು ನೀರು ಹಾಕಲು ಮರೆತು, ಮಧ್ಯಾಹ್ನ ಬಂದು ಪೈಪ್ ಹಿಡಿದೆ. ಅಂಗಳದಲ್ಲಿ ಬಿಸಿಲಿಗೆ ಬಿದ್ದಿದ್ದ ಪೈಪು. ಒಳಗಿನ ನೀರು ಚಹಾ ಮಾಡಬಹುದಾದಷ್ಟು ಕಾದಿತ್ತು. ಎರಡು ಗಿಡ ನನ್ನ ಕಣ್ಣೆದುರೇ ಬಾಡಿ ಮಲಗಿದವು.

ಇನ್ನೊಂದು ವಿಷಯ. ನಿನ್ನ ಕೋಣೆಯ ಡಬ್ಬಿಯಲ್ಲಿದ್ದ ಬೀಜವನ್ನು ಖಾಲಿ ಪಾತಿಗೆ ಬಿತ್ತಿದೆ. ಹೌದು, ಕೇಳದೆ. ಬಿತ್ತಿದ ಮೇಲೆ ಹೊಳೆಯಿತು, ಪುನಃ ಕೇಳದೆಯೇ ಮಾಡಿದೆನೆಂದು. ಹರಿವೆಗೆ ಮಾಡುವ ಹಾಗೆ ಎರಚಿ, ಮೇಲೆ ಒಂದು ಬೆರಳು ಮಣ್ಣು ಮುಚ್ಚಿ, ದಿನಾ ನೀರು ಹಾಕುತ್ತಿದ್ದೇನೆ. ಒಂದೂ ಹುಟ್ಟಿಲ್ಲ. ಬೀಜ ಸತ್ತಿದೆಯಾ, ನನ್ನ ಕೈಗೆ ಬರುವುದಿಲ್ಲ ಎನ್ನುತ್ತಿದೆಯಾ?

ಅಮ್ಮ


ಮೂಡುಬಿದಿರೆ
ಎಪ್ರಿಲ್ 4

ಅಮ್ಮ,

ಅದು ಹರಿವೆ ಅಲ್ಲ.

ಲೆಟ್ಯೂಸ್ ಬೀಜ ಸಾಯಲಿಲ್ಲ, ಮಲಗಿದೆ. ಮಣ್ಣು ಕಾದಿದ್ದರೆ ಅದು ಏಳುವುದೇ ಇಲ್ಲ. ಹೊರಗೆ ಬಂದರೆ ಸುಡುತ್ತದೆಂದು ಅದಕ್ಕೆ ಗೊತ್ತು. ನಮ್ಮ ಎಪ್ರಿಲ್‌ನಲ್ಲಿ ಅದನ್ನು ಮೋಸ ಮಾಡಿಯೇ ಎಬ್ಬಿಸಬೇಕು. ಉಳಿದ ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಡಬ್ಬಿಗೆ ಹಾಕಿ ಫ್ರಿಜ್ಜಿನ ಕೆಳಗಿನ ಅರೆಯಲ್ಲಿಡಿ. ಐಸ್ ಆಗುವ ಜಾಗದಲ್ಲಿ ಬೇಡ. ಎರಡು ದಿನ ಸಾಕು. ಚಳಿಗಾಲ ಬಂದು ಹೋಯಿತೆಂದು ನಂಬುತ್ತದೆ.

ಆಮೇಲೆ ತಟ್ಟೆಗೆ ತೆಂಗಿನ ನಾರಿನ ಹುಡಿ ಹಾಕಿ, ಒದ್ದೆ ಮಾಡಿ, ಸಂಜೆ ಬಿತ್ತಿ. ಮುಚ್ಚಬೇಡಿ. ಅದಕ್ಕೆ ಬೆಳಕು ಕಾಣಬೇಕು. ಅಂಗೈಯಲ್ಲಿ ಮೆಲ್ಲ ಒತ್ತಿದರೆ ಸಾಕು, ಮಗುವಿನ ತಲೆಗೆ ಎಣ್ಣೆ ಹಾಕುವ ಹಾಗೆ. ಇರುವೆ ಬೀಜ ಹೊತ್ತುಕೊಂಡು ಹೋಗುತ್ತದೆ, ತಟ್ಟೆಯ ಸುತ್ತ ಅರಸಿನ ಹುಡಿ ಎಳೆಯಿರಿ. ಬಾವಿಯ ಪೂರ್ವದ ಬದಿಯಲ್ಲಿಡಿ, ಬೆಳಗಿನ ಬಿಸಿಲು ಮಾತ್ರ ಸಿಗಲಿ.

ಪಾತಿಗೆ ನೆಡುವಾಗ ಬುಡಕ್ಕೆ ದಪ್ಪ ತರಗೆಲೆ ಹಾಸಿ. ನೆಟ್ ಒಂದು ಪದರ ಸಾಲುವುದಿಲ್ಲ, ಎರಡು ಬೇಕು. ನಾನು ಒಂದೇ ಹಾಕಿದ್ದೆ.

ಪೈಪಿನ ನೀರನ್ನು ಮೊದಲು ತೆಂಗಿನ ಬುಡಕ್ಕೆ ಬಿಡಿ. ಕೈ ಹಿಡಿದು ತಣ್ಣಗಾದ ಮೇಲೆ ಗಿಡಕ್ಕೆ ತಿರುಗಿಸಿ. ಇದನ್ನು ಎಂ.ಎಸ್ಸಿ.ಯಲ್ಲಿ ಕಲಿಸುವುದಿಲ್ಲ.

ಬೀಜ ಕೇಳದೆ ತೆಗೆದದ್ದಕ್ಕೆ ಏನೂ ಇಲ್ಲ. ಅಲ್ಲಿದ್ದರೆ ಹಾಳಾಗುತ್ತಿತ್ತು.

ಸಾತ್ವಿಕಾ


ಲಾಯಿಲ
ಎಪ್ರಿಲ್ 16

ಪ್ರೀತಿಯ ಸಾತ್ವಿಕಾ,

ಹುಟ್ಟಿದವು!

ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಬೂತಾಯಿ ಮೀನಿನ ಪಾತ್ರೆ ಇತ್ತು. ಅದರ ಪಕ್ಕವೇ ಇಟ್ಟೆ. ಮೀನಿನ ವಾಸನೆಗೆ ಎದ್ದವೋ, ಚಳಿಗೆ ಎದ್ದವೋ, ತಟ್ಟೆಗೆ ಹಾಕಿ ನಾಲ್ಕನೆಯ ಬೆಳಿಗ್ಗೆ ನೋಡಿದರೆ ಹಸಿರು ಸಾಸಿವೆ ಚೆಲ್ಲಿದ ಹಾಗೆ. ಕಾಲೇಜಿಗೆ ತಡವಾಗಿ ಹೋದೆ. ಮಕ್ಕಳಿಗೆ ಪದ್ಯ ಮಾಡುತ್ತಾ ಅರ್ಧದಲ್ಲಿ ನಿಲ್ಲಿಸಿ, ಬೀಜ ಚಳಿಗಾಲವನ್ನು ನಂಬುವ ವಿಷಯ ಹೇಳಿದೆ. ಅವರು ಅದನ್ನೂ ಪರೀಕ್ಷೆಗೆ ಬರುತ್ತದೆಂದು ಬರೆದುಕೊಂಡರು.

ಬಿಸು ಹಬ್ಬದ ದಿನ ಎದ್ದೊಡನೆ ನೋಡುವ ಕಣಿಗೆ ತಟ್ಟೆಯ ಒಂದು ಮೂಲೆಯಿಂದ ಮಣ್ಣು ಸಮೇತ ಎತ್ತಿ ಚಿಪ್ಪಿನಲ್ಲಿಟ್ಟು, ಕನ್ನಡಿಯ ಮುಂದೆ ಸೌತೆ, ಗೇರುಹಣ್ಣಿನ ಪಕ್ಕ ಇರಿಸಿದೆ. ಬೆಳಿಗ್ಗೆ ಎದ್ದು ಕಣಿ ನೋಡುವಾಗ ಕನ್ನಡಿಯಲ್ಲಿ ಮೊದಲು ಕಂಡದ್ದು ನನ್ನ ಮುಖವೇ. ಪ್ರತಿ ವರ್ಷವೂ ಅದೇ ಕಾಣುವುದು, ಆದರೆ ಈ ಸಲ ನೋಡಲಾಗದೆ ಚಿಪ್ಪಿನ ಕಡೆ ತಿರುಗಿದೆ. ನೀನು ಬಂದು ಕಾಲು ಹಿಡಿಯುತ್ತಿ, ನಾನು ‘ಆಯ್ತು ಆಯ್ತು, ಏಳು’ ಎನ್ನುತ್ತೇನೆ ಎಂದು ಎಷ್ಟು ವರ್ಷ ಅಭ್ಯಾಸ! ಕಾಲು ಸುಮ್ಮನೆ ನಿಂತಿತ್ತು.

ಮದುವೆಯಾಗಿ ಬಂದಾಗಿನಿಂದ ನಾನು ಕವಿತೆಗಳನ್ನು ಓದುತ್ತಾ ನಾಚಿಕೆ, ಕಹಿ, ಬೇಗೆ ಎಂಬ ಶಬ್ದಗಳಿಗೆಲ್ಲ ಪೆನ್ಸಿಲಿನಲ್ಲಿ ಗೆರೆ ಎಳೆದವಳು. ಮೊನ್ನೆ ಆ ಪುಸ್ತಕಗಳನ್ನು ತೆಗೆದು ನೋಡಿದೆ. ಗೆರೆ ಎಷ್ಟು ನೇರವಾಗಿತ್ತೆಂದರೆ, ಎಳೆದ ಕೈಗೆ ಆ ಶಬ್ದ ತಾಗಿಯೇ ಇರಲಿಲ್ಲ.

ಬಂಟ್ವಾಳಕ್ಕೆ ಹೋಗಿ ಇನ್ನೊಂದು ಸುತ್ತು ನೆಟ್ ತಂದಿದ್ದೇನೆ. ಹಾಗೆಯೇ ವಾಮದಪದವಿನ ತವರಿಗೆ ಹೋಗಿ ಎರಡು ಗೋಣಿ ತರಗೆಲೆ ಕಟ್ಟಿಸಿಕೊಂಡು ಬಂದೆ. ಅತ್ತಿಗೆ ಕೇಳಿದಳು, ‘ಬೆಳ್ತಂಗಡಿಯಲ್ಲಿ ತರಗೆಲೆ ಇಲ್ಲವಾ ಅಕ್ಕ?’ ಉಂಟು. ಬೇಲಿಯಾಚೆ ಅಮ್ಮಣಿಯಕ್ಕ ಇರುವ ಕಡೆ ಉಂಟು.

ನೀನು ಎಲ್ಲವನ್ನೂ ಹೇಳಿದ್ದಿ. ಒಂದನ್ನು ಹೇಳಿಲ್ಲ. ಅದು ಕಹಿಯಾಗುವುದು ಯಾವಾಗ? ಬಿಸಿಲಿಗಿಟ್ಟದ್ದರಿಂದ ಮಾತ್ರವಾ? ಪುನಃ ಹಾಗಾಗದ ಹಾಗೆ ನೋಡಿಕೊಳ್ಳಬೇಕಲ್ಲ, ಅದಕ್ಕೆ ಕೇಳಿದೆ.

ನಿನ್ನ
ಅಮ್ಮ


ಮೂಡುಬಿದಿರೆ
ಎಪ್ರಿಲ್ 21

ಅಮ್ಮ,

ಇಲ್ಲಿ ಸೆಖೆ ಹೇಳಿ ಪ್ರಯೋಜನ ಇಲ್ಲ. ನರ್ಸರಿಗೆ ಬರುವವರು ನೆರಳಿಗೆ ಬಂದು ನಿಂತು, ಗುಲಾಬಿ ಗಿಡ ಕೇಳಿ, ಹತ್ತು ನಿಮಿಷ ಫ್ಯಾನಿನ ಗಾಳಿ ಕುಡಿದು ಹೋಗುತ್ತಾರೆ. ರಶೀನಾಳ ಉಮ್ಮ ರಾತ್ರಿ ಹೊಟ್ಟೆ ತುಂಬ ಉಣ್ಣದೆ ನನ್ನನ್ನು ಬಿಡುವುದೇ ಇಲ್ಲ. ‘ನಿನ್ನ ಅಮ್ಮ ನೋಡಿದರೆ ಮಗಳನ್ನು ಸಪೂರ ಮಾಡಿ ಕಳಿಸಿದೆ ಅಂತ ಹೇಳ್ಯಾರು’ ಎನ್ನುತ್ತಾರೆ. ಅವರಿಗೆ ನಾನು ಏನೂ ಹೇಳಿಲ್ಲ. ಮನೆಯಲ್ಲಿ ಹಿತ್ತಲು ರಿಪೇರಿ ಎಂದಿದ್ದೇನೆ.

ಸಸಿಗೆ ನಾಲ್ಕು ಎಲೆ ಬಂದ ಮೇಲೆ ಪಾತಿಗೆ ನೆಡಿ. ಸಂಜೆ ಹೊತ್ತು ನೆಡಬೇಕು, ರಾತ್ರಿಯೊಂದು ಸುಧಾರಿಸಿಕೊಳ್ಳಲು ಸಿಗುತ್ತದೆ. ಹೊರಗಿನ ಎಲೆಗಳನ್ನು ಮಾತ್ರ, ಎಳೆಯದಿರುವಾಗಲೇ, ಬೆಳಿಗ್ಗೆ ಬಿಸಿಲು ಬೀಳುವ ಮೊದಲು ಚಿವುಟಿ. ದೊಡ್ಡದಾಗಲಿ ಎಂದು ಆಸೆ ಮಾಡಬೇಡಿ. ಸೆಖೆಯಲ್ಲಿ ಆಸೆ ಮಾಡಿದವರಿಗೆ ಸೊಪ್ಪು ಸಿಗುವುದಿಲ್ಲ.

ಬಾವಿಯ ಹಿಂದಿನ ಹಳೆಯ ಸಾಲು ಇನ್ನು ಬೇಡ. ಕಿತ್ತು ಬಿಸಾಡಿ.

ಉನೈಸ್ ಅವರ ಅಂಗಡಿಯ ವಿಷಯ ರಶೀನಾಳಲ್ಲಿ ಕೇಳಿದಿರಂತೆ. ಕೇಳಬೇಡಿ.

ಕಹಿಯ ಬಗ್ಗೆ ಕೇಳಿದ್ದೀರಿ. ಸೆಖೆ ಹೆಚ್ಚಾದರೆ ನಡುವಿನಿಂದ ದಂಟು ಎದ್ದು ಗಿಡ ಉದ್ದ ಆಗುತ್ತದೆ. ಮುರಿದರೆ ಹಾಲು ಬರುತ್ತದೆ. ಹಾಲು ಬಂದರೆ ಕಹಿ. ಅಷ್ಟೇ.

ಸಾತ್ವಿಕಾ


ಲಾಯಿಲ
ಮೇ 2

ಸಾತ್ವಿಕಾ,

ಸಸಿ ನೆಟ್ಟು ಆಯಿತು. ಎರಡು ಪದರ ನೆಟ್ ಕಟ್ಟಿದೆ. ಒಳಗೆ ಹೋದರೆ ಕೆರೆಯ ತಳದಲ್ಲಿ ನಿಂತ ಹಾಗೆ ಹಸಿರು ಬೆಳಕು. ಕೆಲವೊಮ್ಮೆ ಅಲ್ಲೇ ಸ್ವಲ್ಪ ಕೂರುತ್ತೇನೆ.

ಹಳೆಯ ಸಾಲನ್ನು ಕೀಳಲಿಲ್ಲ. ದಂಟು ಎದ್ದಿದೆ. ನಿನ್ನ ಕಾಗದ ಬಂದ ದಿನ ಒಂದನ್ನು ಮುರಿದು ನೋಡಿದೆ.

ಮೇ 8ಕ್ಕೆ ಬ್ರಹ್ಮಕಲಶದ ಮುಕ್ತಾಯದ ದೃಢಕಲಶ. ಅವತ್ತಿನವರೇ ಎಲ್ಲ, ಅದೇ ಚಪ್ಪರ, ಅದೇ ಊಟ. ನಿರೂಪಣೆಗೆ ನನ್ನನ್ನೇ ಕರೆದಿದ್ದಾರೆ. ಆಗುವುದಿಲ್ಲ ಎಂದಿದ್ದೆ. ನಿನ್ನೆ ಹೋಗಿ, ಬರುತ್ತೇನೆ ಎಂದು ಹೇಳಿ ಬಂದೆ.

ಮಾವಿನಕಾಯಿ ಉಪ್ಪಿನಕಾಯಿ ಇಟ್ಟಿದ್ದೇನೆ. ರಶೀನಾಳ ಉಮ್ಮನಿಗೂ ಒಂದು ಬಾಟ್ಲಿ ಉಂಟು. ಹಿತ್ತಲು ರಿಪೇರಿ ಮುಗಿಯುತ್ತಾ ಬಂತೆಂದು ಹೇಳು.

ಅಮ್ಮ


ಮೂಡುಬಿದಿರೆ
ಮೇ 10

ಅಮ್ಮ,

ಅಮ್ಮಣಿಯಕ್ಕನ ಸೊಸೆ ವಿಡಿಯೊ ಕಳಿಸಿದಳು. ಕೆಳಗೆ ‘ನಿನ್ನಮ್ಮನಿಗೆ ಏನಾಯ್ತು ಮಾರಾಯ್ತಿ?’ ಎಂದು ಬರೆದಿದ್ದಳು.

ಮೊದಲು ಎಲೆಗಳು ಕಾಣುತ್ತವೆ, ಅನ್ನ ಬಡಿಸುತ್ತಿದ್ದಾರೆ. ನೀನು ಮೈಕಿನ ಹತ್ತಿರ ನಿಂತಿದ್ದಿ. ಕೈಯಲ್ಲಿ ಚೀಟಿ ಇಲ್ಲ. ಯಾವತ್ತೂ ಚೀಟಿ ಇಲ್ಲದೆ ಮೈಕ್ ಹಿಡಿದವಳಲ್ಲ ನೀನು. ‘ಬ್ರಹ್ಮಕಲಶದ ಊಟಕ್ಕೆ ಕಹಿ ಪಲ್ಯ ಬಂತಲ್ಲ, ಅದರ ಬಗ್ಗೆ ಒಂದು ಮಾತು’ ಎನ್ನುತ್ತಿ. ಯಾರೋ ‘ಸಾರು ಈಚೆ’ ಎಂದು ಕೂಗುತ್ತಾರೆ. ಮೈಕ್ ಕುಂಯ್ ಎನ್ನುತ್ತದೆ. ನೀನು ನಿಲ್ಲಿಸಿ, ಪುನಃ ಮೊದಲಿನಿಂದ ಶುರು ಮಾಡುತ್ತಿ.

‘ಆ ಸೊಪ್ಪು ನನ್ನ ಮಗಳು ತಂದದ್ದಲ್ಲ. ಅವಳು ಊರಲ್ಲೇ ಇರಲಿಲ್ಲ. ಅವಳಲ್ಲಿ ಕೇಳದೆ ಕೊಯ್ದವಳು ನಾನು. ನನ್ನ ಮನೆಯ ಹೆಸರು ಮೈಕಿನಲ್ಲಿ ದೊಡ್ಡದಾಗಿ ಕೇಳಲಿ ಎಂದು ಕೊಯ್ದದ್ದು. ಸೊಪ್ಪು ಒಳ್ಳೆಯದಿತ್ತು, ಒಂದಿಷ್ಟೂ ಕಹಿ ಇರಲಿಲ್ಲ. ನಡು ಮಧ್ಯಾಹ್ನ ಕೊಯ್ದು, ಬಿಸಿಲಲ್ಲಿ ಮೆರವಣಿಗೆ ಮಾಡಿ ಹಾಳು ಮಾಡಿದವಳೂ ನಾನೇ. ಇಲ್ಲೇ ನಿಂತು ಅವಳ ಮೇಲೆ ಹಾಕಿದೆ. ಇಲ್ಲೇ ಹೇಳಬೇಕೆನಿಸಿತು.’

ಆಮೇಲೆ ಅಡುಗೆಮನೆಯ ಬಾಗಿಲಿನಿಂದ ಸುಬ್ಬಪ್ಪಣ್ಣ, ‘ಅದು ಆವತ್ತೇ ಜೀರ್ಣ ಆಗಿದೆ ಅಕ್ಕ, ಈಗ ಪಾಯಸಕ್ಕೆ ದಾರಿ ಬಿಡಿ’ ಎನ್ನುತ್ತಾರೆ. ಎಲ್ಲರೂ ನಗುತ್ತಾರೆ. ನೀನು ದಾರಿ ಬಿಡುತ್ತಿ. ಸೆರಗಿನಲ್ಲಿ ಮುಖ ಒರಸುತ್ತಿ. ಅಲ್ಲಿಗೆ ಮುಗಿಯುತ್ತದೆ.

ಅದನ್ನು ನಾನು ಎಷ್ಟು ಸಲ ನೋಡಿದೆನೆಂದು ಬರೆಯುವುದಿಲ್ಲ. ರಶೀನಾ ಕೊನೆಗೆ ಫೋನ್ ಕಿತ್ತುಕೊಂಡಳು.

ಅಮ್ಮ, ನೀನು ಹೇಳಿದ್ದರಲ್ಲಿ ಒಂದು ಸುಳ್ಳು ಉಂಟು. ಅದು ಸುಳ್ಳೆಂದು ನಿನಗೆ ಗೊತ್ತಿಲ್ಲ. ಸೊಪ್ಪು ಕಹಿ ಇತ್ತು. ನೀನು ಕತ್ತಿ ಹಿಡಿಯುವ ಮೊದಲೇ ಇತ್ತು. ಒಂದು ವಾರದಿಂದ ದಿನಾ ಬೆಳಿಗ್ಗೆ ಒಂದು ಎಲೆ ತಿಂದು ನೋಡುತ್ತಿದ್ದೆ. ಇವತ್ತು ಸರಿಯಾಗುತ್ತದೆ, ನಾಳೆ ಸರಿಯಾಗುತ್ತದೆ ಎಂದು ಕಾದೆ. ಸಸ್ಯಶಾಸ್ತ್ರ ಓದಿದವಳಿಗೆ ಅದು ಸರಿಯಾಗುವುದಿಲ್ಲವೆಂದು ಗೊತ್ತಿಲ್ಲವಾ? ಆದರೂ ಚಂದ ಕಾಣುವ ಎಲೆ ಆರಿಸಿ ಬುಟ್ಟಿ ತುಂಬಿಸಿ ಉನೈಸ್ ಅವರ ಅಂಗಡಿಗೆ ಕೊಂಡುಹೋದೆ. ಅವರು ಒಂದು ತುಂಡು ಬಾಯಿಗೆ ಹಾಕಿ, ನನ್ನ ಮುಂದೆ ಒಂದು ಗ್ಲಾಸ್ ಲಿಂಬೆ ಶರಬತ್ತು ಇಟ್ಟರು. ‘ಮುಂದಿನ ಸಲ ನೋಡುವ’ ಎಂದರು. ಬುಟ್ಟಿ ವಾಪಸು.

ಆ ರಾತ್ರಿ ಮನೆಗೆ ಬರಲು ಧೈರ್ಯ ಇರಲಿಲ್ಲ. ‘ಸೊಪ್ಪು ಮಾರಲು ಎಂ.ಎಸ್ಸಿ. ಬೇಕಿತ್ತಾ?’ ಎಂದು ನೀನು ಕೇಳಿದ್ದಿಯಲ್ಲ. ಅದಕ್ಕೆ ಉತ್ತರ ಸಿಕ್ಕಿತ್ತು. ಎಂ.ಎಸ್ಸಿ. ಇದ್ದೂ ಬರಲಿಲ್ಲ ಎಂದು.

ಮರುದಿನ ನೀನು ನನ್ನ ಕಡೆ ಕೈ ತೋರಿಸಿದಾಗ ಸಂಕಟವಾದದ್ದು ನಿಜ. ಆದರೆ ಬಕೆಟ್ ತೊಳೆಯುವಾಗ ಒಂದು ಸಮಾಧಾನವೂ ಬಂತು ಅಮ್ಮ. ಬೆಳೆ ಹಾಳಾದದ್ದಕ್ಕೆ ಇನ್ನು ಕಾರಣ ನೀನು. ನಾನು ಸೋತೆನೆಂದು ಯಾರಿಗೂ ಹೇಳಬೇಕಾಗಿಲ್ಲ. ಆ ಸಮಾಧಾನವನ್ನೇ ಸಿಟ್ಟು ಎಂದು ಹೆಸರಿಟ್ಟು ಬಸ್ಸು ಹತ್ತಿದೆ. ಇಷ್ಟು ದಿನ ನಿನ್ನ ಕ್ಷಮೆಯನ್ನು ಕೂತು ತಿಂದೆ. ಈಗ ನೀನು ಮೈಕಿನಲ್ಲಿ ‘ಒಂದಿಷ್ಟೂ ಕಹಿ ಇರಲಿಲ್ಲ’ ಎಂದ ಮೇಲೆ ಗಂಟಲಲ್ಲಿ ಇಳಿಯುತ್ತಿಲ್ಲ.

ಇದನ್ನು ಓದಿ ನಿನಗೆ ಸಿಟ್ಟು ಬಂದರೆ ನ್ಯಾಯವೇ.

ನಿನ್ನ
ಸಾತ್ವಿ


ಲಾಯಿಲ
ಮೇ 18

ಪ್ರೀತಿಯ ಸಾತ್ವಿ,

ಗೊತ್ತಿತ್ತು.

ಮುರಿದರೆ ಹಾಲು ಬರುತ್ತದೆ ಎಂಬ ನಿನ್ನ ಕಾಗದ ಬಂದ ದಿನ ಬಾವಿಯ ಹಿಂದೆ ಹೋಗಿ ಒಂದು ದಂಟು ಮುರಿದೆ. ಬೆರಳಿಗೆ ಬಿಳಿ ಹಾಲು ಅಂಟಿತು. ತೊಳೆದರೆ ಹೋಗಲಿಲ್ಲ. ತೆಂಗಿನೆಣ್ಣೆ ತರಲು ಒಳಗೆ ಹೊರಟವಳು ಅಂಗಳದಲ್ಲೇ ನಿಂತೆ. ಹೊರೆಕಾಣಿಕೆಯ ದಿನವೂ ಎಣ್ಣೆ ಹಚ್ಚಿಯೇ ತೊಳೆದುಕೊಂಡಿದ್ದೆನಲ್ಲ! ಅಂದರೆ ಮೆರವಣಿಗೆಯ ಬಿಸಿಲಿಗೆ ಮೊದಲೇ ದಂಟಿನಲ್ಲಿ ಹಾಲು ಇತ್ತು.

ಆಗ ನನಗೆ ಮೊದಲು ಬಂದದ್ದು ಏನು ಗೊತ್ತಾ? ಖುಷಿ. ಹಾಳು ಮಾಡಿದ್ದು ನಾನಲ್ಲ ಎಂಬ ಖುಷಿ. ಬೇಲಿಯ ಹತ್ತಿರ ಹೋಗಿ ಅಮ್ಮಣಿಯಕ್ಕನನ್ನು ಕರೆಯಬೇಕು ಎನ್ನುವಷ್ಟು. ನೀನು ಬಕೆಟ್ ತೊಳೆಯುವಾಗ ಬಂತೆಂದು ಬರೆದಿದ್ದಿಯಲ್ಲ, ಅದೇ ಸಮಾಧಾನ. ನಮ್ಮಿಬ್ಬರಿಗೂ ಒಂದೇ ಗುಣ, ನಿನಗೆ ಬೇರೆ ಎಲ್ಲಿಂದ ಬರಬೇಕು!

ಆಮೇಲೆ ಒಗೆಯುವ ಕಲ್ಲಿನ ಮೇಲೆ ಕೂತು ಯೋಚಿಸಿದೆ. ದಿನಾ ಬೆಳಿಗ್ಗೆ ನೀನು ಹಿತ್ತಲಿನಿಂದ ಬಾಯಿ ಒರಸುತ್ತಾ ಒಳಗೆ ಬರುತ್ತಿದ್ದಿ. ‘ಹೇಗುಂಟು ನಿನ್ನ ಹುಲ್ಲು?’ ಎಂದು ನಾನು ಕೇಳುತ್ತಿದ್ದೆ. ‘ಲಾಯ್ಕ ಉಂಟು’ ಎನ್ನುತ್ತಿದ್ದಿ. ಬಾಯಲ್ಲಿ ಕಹಿ ಇಟ್ಟುಕೊಂಡು ನನ್ನೆದುರು ಲಾಯ್ಕ ಉಂಟು ಎನ್ನಬೇಕಾದರೆ ನಾನು ನಿನಗೆ ಎಂಥ ತಾಯಿ? ಪಲ್ಯದ್ದು ಒಂದು ದಿನದ ನಾಚಿಕೆ ಸಾತ್ವಿ. ಇದು ಹಾಗಲ್ಲ. ಇದಕ್ಕೆ ಮೈಕ್ ಸಿಗುವುದಿಲ್ಲ.

ಹಾಗಾಗಿ ದೃಢಕಲಶದ ದಿನ ಸೊಪ್ಪು ಒಳ್ಳೆಯದಿತ್ತು ಎಂದೆ. ನಿಜ ಹೇಳಿದ್ದರೆ ಅಷ್ಟು ಜನರ ಮುಂದೆ ಇನ್ನೊಂದು ಸಲ ನಿನ್ನ ಕಡೆ ಕೈ ತೋರಿಸಿದಂತೆ ಆಗುತ್ತಿತ್ತು. ದೇವಸ್ಥಾನದಲ್ಲಿ ನಿಂತು ಸುಳ್ಳು ಹೇಳಿದ್ದು ತಪ್ಪೋ ಏನೋ. ಸುಬ್ಬಪ್ಪಣ್ಣ ಆಮೇಲೆ ಕೈ ತೊಳೆಯುವ ಜಾಗದಲ್ಲಿ ಸಿಕ್ಕಿ, ‘ಅಕ್ಕ, ನಾನು ಮನೆಗೆ ಕೊಂಡುಹೋಗಿ ತಿಂದಿದ್ದೇನೆ. ಅದು ಬಿಸಿಲಿನ ಕಹಿ ಅಲ್ಲ, ಗಿಡದ ಕಹಿ’ ಎಂದು ಮೆಲ್ಲ ಹೇಳಿದರು. ‘ಹೌದಾ?’ ಎಂದೆ. ‘ಹೌದು. ನಾನೂ ಯಾರಿಗೂ ಹೇಳುವುದಿಲ್ಲ’ ಎಂದರು.

ಅಮ್ಮಣಿಯಕ್ಕ ಈಗ ಹಾಗಲಕಾಯಿ ಕೊಡುತ್ತಿಲ್ಲ. ನಿನ್ನೆ ಬೇಲಿಯಲ್ಲಿ ನಿಂತು, ‘ಆ ಬೀಜ ನಮಗೂ ಒಂದು ಚಿಟಿಕೆ ಕೊಡ್ತೀರಾ? ಸೊಸೆಗೆ ಆಸೆ’ ಎಂದರು. ಮಗಳಲ್ಲಿ ಕೇಳಿ ಹೇಳುತ್ತೇನೆ ಎಂದಿದ್ದೇನೆ. ಕೇಳುತ್ತಿದ್ದೇನೆ. ಕೊಡಬಹುದಾ?

ಜಯಪ್ರಕಾಶನ ಬಸ್ಸಿನಲ್ಲಿ ಬುಟ್ಟಿ ಬರುತ್ತದೆ. ಒದ್ದೆ ಬೈರಾಸು ಬಟ್ಟೆಯಲ್ಲಿ ಸುತ್ತಿದ್ದೇನೆ. ಡ್ರೈವರಿನ ಹಿಂದಿನ ನೆರಳಿನಲ್ಲಿಡು ಎಂದು ಹೇಳಿದೆ. ‘ಮಗುವಾ ಟೀಚರೆ?’ ಎಂದು ನಕ್ಕ. ಹೊಸ ಪಾತಿಯ ಮೊದಲ ಎಲೆಗಳು. ಇನ್ನೂ ಎಳೆಯವು, ಬಿಸಿಲು ಏಳುವ ಮೊದಲು ಚಿವುಟಿದ್ದು. ತಿಂದು ನೋಡಿದೆ. ಸಿಹಿಯೇ, ಆದರೆ ಕೊನೆಯಲ್ಲಿ ನಾಲಿಗೆಯ ಹಿಂದೆ ಒಂದು ಚೂರು ಕಹಿ ಉಂಟು. ಇಲ್ಲವೆಂದು ನನಗೆ ನಾನೇ ಹೇಳಿಕೊಳ್ಳಲು ತುಂಬ ಪ್ರಯತ್ನ ಪಟ್ಟೆ. ಉಂಟು. ಉನೈಸ್ ಅವರಿಗೆ ಅದನ್ನು ಹೇಳಿಯೇ ಕೊಡು.

ಅವರು ಬೇಡವೆಂದರೆ ಶರಬತ್ತು ಕುಡಿದು, ಬುಟ್ಟಿ ಹಿಡಿದು ಅದೇ ಬಸ್ಸಿಗೆ ಹತ್ತು. ಕಾಯಿ ಸ್ವಲ್ಪ ಜಾಸ್ತಿ ಹಾಕಿ ಪಲ್ಯ ಮಾಡುವ. ನೀನು ಎಲೆಯ ಮುಂದೆ ಕೂತುಕೋ. ಈ ಸಲ ಬಡಿಸುವುದು ನಾನು.

ಅಮ್ಮ